ಆರು ಗಂಟೆವರೆಗಿನ ಶಾಲೆ

ಜೂನ್ 3, 2013. ಸೋಮವಾರ

ಇವತ್ತು ಊರಿಗೆಲ್ಲ ಶಾಲೆ ಶುರುವಾಯಿತು. ಅಕ್ಕನ ಮಗಳು ಶೈಲು ಮಾತ್ರ ಮನೆಯಲ್ಲಿದ್ದಾಳೆ, ನನ್ನ ಹಾಗೆ.

ಅವಳಿಗೆ ಐದು ತುಂಬಿ ಆರು ನಡೆಯುತ್ತಿದೆ. ನನಗೆ ಹತ್ತೊಂಬತ್ತು. ಅವಳು ಇನ್ನೂ ಶಾಲೆ ಸೇರಿಲ್ಲ. ನಾನು ಒಂಬತ್ತನೆಯ ಇಯತ್ತೆಯಲ್ಲಿ ಬಿಟ್ಟೆ.

ಅಕ್ಕ ಸವಿತಾ ಹಟ ಹಿಡಿದಿರುವುದು ನೀಲಿ ಗೇಟಿನ ಶಾಲೆಗೆ. ಅದಕ್ಕೆ ದೊಡ್ಡದೊಂದು ಹೆಸರಿದೆ, ಯಾರೂ ಹೇಳುವುದಿಲ್ಲ. ಪೀಣ್ಯದ ಕಾರ್ಖಾನೆ ಕೆಲಸದವರ ಮಕ್ಕಳಿಗೆಂದು ಯಾವುದೋ ಟ್ರಸ್ಟಿನವರು ನಡೆಸುತ್ತಾರೆ. ಪಾಠ ಮುಗಿದ ಮೇಲೂ ಮಕ್ಕಳನ್ನು ಸಂಜೆ ಆರು ಗಂಟೆವರೆಗೆ ಒಳಗೇ ಇಟ್ಟುಕೊಂಡು ಹಾಲು, ಬಾಳೆಹಣ್ಣು ಕೊಡುತ್ತಾರೆ. ಅಕ್ಕನ ಗಾರ್ಮೆಂಟ್ಸ್ ಬಿಡುವುದು ಐದೂವರೆಗೆ. ದಾರಿಯಲ್ಲೇ ಆ ಗೇಟು. ಬೇರೆ ಯಾವ ಶಾಲೆಯೂ ಅವಳ ಕಣ್ಣಿಗೆ ಬೀಳುವುದಿಲ್ಲ. ಆದರೆ ಅವರದೇ ಶಿಶುವಿಹಾರದ ಮಕ್ಕಳೇ ಒಂದನೇ ಇಯತ್ತೆ ತುಂಬಿಬಿಡುತ್ತಾರೆ. ಹೊರಗಿನವರು ಕಾಯಬೇಕು. ಯಾರಾದರೂ ಮನೆ ಖಾಲಿ ಮಾಡಿಕೊಂಡು ಹೋದರೆ ಸೀಟು. ಕಾಯುವವರಲ್ಲಿ ನಮ್ಮದು ಎರಡನೇ ಪಾಳಿ.

ರಾತ್ರಿ ಊಟಕ್ಕೆ ಕುಳಿತಾಗ ನಾನು ಹೇಳಿದೆ, “ಅಲ್ಲೀತನಕ ಸರಕಾರಿ ಸಾಲಿಗೆ ಹಾಕ್ರಿ.”

“ಅದು ನಾಕಕ್ಕ ಬಿಡ್ತೈತಿ,” ಎಂದಳು ಅಕ್ಕ. “ನಾ ಬರೂದು ಆರರ ಮ್ಯಾಲೆ. ತುಮಕೂರು ರೋಡಿನ ಲಾರಿ ನೋಡಿದಿ? ಕೂಸು ಅಲ್ಲೀತನ ಯಾರ ಹತ್ರ ಇರಬೇಕು?”

“ನಾ ಅದೀನಲ್ಲ.”

ಅಕ್ಕನ ಗಂಡ ಬಸಲಿಂಗ ಮಾವ ಬಾಯಲ್ಲಿದ್ದ ತುತ್ತು ನುಂಗಿ ನಕ್ಕ. “ನೀ ಇವತ್ತ ಅದೀಯೋ ತಮ್ಮಾ. ಮುಂದಿನ ಅಮಾಸಿಗೆ ಎಲ್ಲಿರ್ತಿ, ನಿನಗರ ಗೊತ್ತೈತೇನು?”

ಯೋಚಿಸಿದೆ. “ಇಲ್ಲ, ಗೊತ್ತಿಲ್ಲ,” ಎಂದೆ.

“ಒಂದ ಸುಳ್ಳರ ಹೇಳಾಕ ಬರಬಾರದಾ ಇವಗ!” ಎಂದು ಅಕ್ಕ ಹಣೆ ಬಡಿದುಕೊಂಡಳು.

ಕಡೆಗೆ ತೀರ್ಮಾನವಾದದ್ದು ಹೀಗೆ. ಸೀಟು ಸಿಗುವವರೆಗೆ ಶೈಲು ಮನೆಯಲ್ಲಿ. ನನಗೆ ಬೇರೆ ಕೆಲಸ ಸಿಗುವವರೆಗೆ ಅವಳು ನನ್ನ ಹತ್ತಿರ. ಎರಡೂ ಒಂದೋ ಎರಡೋ ತಿಂಗಳ ಮಾತು ಎನ್ನುತ್ತಾರೆ.

ಈ ಡೈರಿ ಬಸಲಿಂಗ ಮಾವನ ಕಾರ್ಖಾನೆಯಲ್ಲಿ ಹೊಸ ವರ್ಷಕ್ಕೆ ಕೊಟ್ಟದ್ದು. ಯಾರೂ ಮುಟ್ಟಿರಲಿಲ್ಲ. ನನ್ನ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.


ಜೂನ್ 6

ಸಾಕಾಯಿತು.

ಬೆಳಿಗ್ಗೆಯಿಂದ ಅವಳು ಕೇಳಿದ್ದು: ನೊಣದ ಮನೆ ಎಲ್ಲಿ? ಲಾರಿಯ ಹಿಂದೆ ಯಾಕೆ ಕಣ್ಣು ಬರೆಯುತ್ತಾರೆ? ಅಪ್ಪ ರಾತ್ರಿ ಪಾಳಿಗೆ ಹೋದಾಗ ನಿದ್ದೆ ಎಲ್ಲಿ ಇಟ್ಟು ಹೋಗುತ್ತಾನೆ? ಗೊತ್ತಿಲ್ಲ, ಗೊತ್ತಿಲ್ಲ ಎಂದು ನನ್ನ ಬಾಯಿ ಒಣಗಿತು. ಗೊತ್ತಿಲ್ಲದ್ದಕ್ಕೆ ಏನೋ ಒಂದು ಕಟ್ಟಿ ಹೇಳುವುದು ನನ್ನಿಂದ ಆಗದು.

ಮಧ್ಯಾಹ್ನ ತಡೆಯಲಾರದೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದೆ. ಅವಳೂ ನನ್ನ ಬೆನ್ನ ಹಿಂದೆ ಓಡಾಡಿದಳು. ಅವಳಿಗೆ ಅದೊಂದು ಆಟ.


ಜೂನ್ 10, ಸೋಮವಾರ

ನೀಲಿ ಗೇಟಿಗೆ ಹೋಗಿ ಬಂದೆವು. ಕಾಯುವವರು ಸೋಮವಾರ ಬಂದು ಕೇಳಬೇಕಂತೆ. ಆಫೀಸಿನಲ್ಲಿರುವುದು ಗೋಪಾಲಪ್ಪ ಸಾರ್. ಇಲ್ಲಿನ ಹಳೇ ಊರಿನವರು, ಕನ್ನಡಕ ಹಣೆಯ ಮೇಲಿರುತ್ತದೆ.

“ಬಂದ ವಾರಾನೇ ಸೀಟ್ ಬೇಕಾ? ಕಾಯ್ಬೇಕಪ್ಪಾ. ಪೀಣ್ಯದಲ್ಲಿ ಮನೆ ಖಾಲಿ ಮಾಡೋರಿಗೆ ಬರಾನಾ? ಇವತ್ತಲ್ಲ ನಾಳೆ ಒಬ್ರು ಹೋಗ್ತಾರೆ ಕಣಯ್ಯ.”

ನಮಗಿಂತ ಮುಂದಿನ ಪಾಳಿಯವರೂ ಅಲ್ಲೇ ಇದ್ದರು. ಶರಣಮ್ಮ, ಯಾದಗಿರಿ ಕಡೆಯವಳು. ಮಗಳು, ಅಳಿಯನ ಜೊತೆ ತಾನೂ ಕಟ್ಟಡದ ಕೆಲಸ ಮಾಡುತ್ತಾಳೆ. ಮೊಮ್ಮಗಳು ಭಾಗಮ್ಮ ಶೈಲುವಿನ ವಯಸ್ಸಿನವಳೇ. ಕೆಲಸದ ಜಾಗದಲ್ಲಿ ಮರಳಿನ ಗುಡ್ಡೆಯ ಮೇಲೆ ಆಡಿಕೊಂಡಿರುತ್ತಾಳಂತೆ. “ಮ್ಯಾಲಿಂದ ಏನ್ ಬೀಳ್ತದೋ ಅಂತ ದಿನಾ ಜೀವ ಕೈಯಾಗ ಹಿಡ್ಕೊಂಡಿರ್ತೀನಿ ನೋಡಪಾ,” ಎಂದಳು. ನಾವು ಮಾತಾಡುವಷ್ಟರಲ್ಲಿ ಹುಡುಗಿಯರಿಬ್ಬರೂ ಗೇಟಿನ ಸರಳು ಹಿಡಿದು ಜೋತಾಡುತ್ತಿದ್ದರು. ಗೋಪಾಲಪ್ಪ ಸಾರ್ ಓಡಿಸಿದರು.


ಜೂನ್ 24

ಕೆಲಸ ಸಿಕ್ಕಿತು. ಇಡೀ ದಿನದ್ದಲ್ಲ. ಚನ್ನವೀರಪ್ಪನವರ ಖಾನಾವಳಿಯಿಂದ ಮಧ್ಯಾಹ್ನದ ಬುತ್ತಿ ಕಾರ್ಖಾನೆಗಳಿಗೆ ಮುಟ್ಟಿಸುವುದು. ಹಿಂದೆ ಮಾಡಿದ ಕೆಲಸಗಳನ್ನು ಯಾಕೆ ಬಿಟ್ಟೆ ಎಂದು ಅವರು ಕೇಳಿದರು, ಇದ್ದದ್ದು ಹೇಳಿದೆ. ಕೊರಿಯರ್ ಬೇಸರವಾಗಿ ಬಿಟ್ಟೆ. ಹೋಟೆಲು ಬೇಸರವಾಗಿ ಬಿಟ್ಟೆ. ಲೇತ್ ಶಾಪಿನಲ್ಲಿ ಮಾತ್ರ ಅವರೇ ಬಿಡಿಸಿದರು. ತಪಾಸಣೆಗೆ ಬಂದವರು ಪ್ರತಿಯೊಂದು ತುಂಡಿಗೂ ಅಳತೆಯ ಗೇಜು ಹಚ್ಚಿ ನೋಡಿದ್ದೀರಾ ಎಂದು ನನ್ನನ್ನೇ ಕೇಳಿದರು, ಇಲ್ಲ ಎಂದೆ.

ಚನ್ನವೀರಪ್ಪನವರು ಮೀಸೆಯೊಳಗೆ ನಕ್ಕು, “ರೊಟ್ಟಿಗೆ ಗೇಜು ಹಚ್ಚೂದಿಲ್ಲಪ್ಪ ಇಲ್ಲಿ. ಎಷ್ಟ ದಿನ ಇರ್ತೀಯೋ ಇರು,” ಎಂದರು.

ಶೈಲುವನ್ನು ಬಿಟ್ಟು ಹೋಗುವ ಹಾಗಿಲ್ಲ. ಸೈಕಲ್ಲಿನ ಮುಂದಿನ ದಂಡಿಗೆ ಗೋಣಿಚೀಲ ಸುತ್ತಿ ಕೂರಿಸಿಕೊಂಡೆ. ಹಿಂದೆ ಬುತ್ತಿ, ಮುಂದೆ ಅವಳು. ಒಂದು ಗೇಟಿನಲ್ಲಿ ಸೆಕ್ಯೂರಿಟಿಯವ, “ಏನ್ ಗುರು, ಪಲ್ಯದ ಜೊತೆ ಮಗೂನೂ ಡೆಲಿವರಿನಾ?” ಎಂದ. ಅವಳು ಅವನಿಗೆ ನಾಲಿಗೆ ತೋರಿಸಿದಳು.


ಜುಲೈ 15

ನಮ್ಮ ಓನರಮ್ಮ ಮುನಿಯಕ್ಕನ ಹೊಲವಿದ್ದ ಜಾಗದಲ್ಲೇ ನಾವಿರುವ ಶೀಟಿನ ಮನೆಗಳ ಸಾಲಿದೆ. ಎರಡು ಹಸು ಇನ್ನೂ ಇಟ್ಟುಕೊಂಡಿದ್ದಾಳೆ. ಇವತ್ತು ಹಾಲು ಕರೆದು ಬಂದವಳು ಶೈಲುವನ್ನು ನಿಲ್ಲಿಸಿ, ಅವಳ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಗೆ ಮುಟ್ಟಿಸಿದಳು.

“ಕಿವಿ ಎಟುಕ್ತೈತಲ್ಲೋ! ನಮ್ ಕಾಲ್ದಾಗೆ ಕೈ ಕಿವಿಗೆ ಎಟುಕಿದ್ರೆ ಎಳ್ಕಂಡೋಗಿ ಸ್ಕೂಲಾಗೆ ಕೂರ್ಸೋರು. ಇನ್ನೂ ಯಾಕ್ಲಾ ಮನ್ಯಾಗೆ ಮಡಿಕ್ಕಂಡಿದ್ದೀರಿ? ಮದ್ವೆ ಮಾಡ್ತೀರಾ?”

“ಸೀಟಿಗೆ ಕಾಯ್ತಾ ಇದೀವಕ್ಕ.”

“ಅದೇನ್ ಸೀಟೋ. ಬಸ್ಸಾ ಅದು?”

ಅವಳು ಹೋದ ಮೇಲೆ ಶೈಲು ಸಾಲಿನಲ್ಲಿರುವ ಎಲ್ಲ ಮಕ್ಕಳನ್ನೂ ಹಿಡಿದು ಹಿಡಿದು ಕಿವಿ ಮುಟ್ಟಿಸಿ ನೋಡಿದಳು. ಆಮೇಲೆ ನನ್ನದು. “ಮಾಮಾ, ನಿಂದೂ ಎಟುಕ್ತೈತಿ. ನೀನೂ ಸಾಲಿಗೆ ಹೋಗಬೇಕ,” ಎಂದಳು.


ಆಗಸ್ಟ್ 11, ನಾಗರ ಪಂಚಮಿ

ಮುನಿಯಕ್ಕನ ಹುಣಸೇಮರಕ್ಕೆ ಜೋಕಾಲಿ ಕಟ್ಟಿದೆ. ನಮ್ಮ ಕಡೆಯ ಪಂಚಮಿ ಜೋಕಾಲಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಮೊದಲು ಕೊಂಬೆ ಮುರಿದೀತೆಂದು ಬೈದಳು, ಆಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ತಾನೇ ಕುಳಿತಳು. ಶರಣಮ್ಮನೂ ಭಾಗಮ್ಮನನ್ನು ಕರೆದುಕೊಂಡು ಬಂದಿದ್ದಳು. ಅಕ್ಕ ಹುರಿದ ಜೋಳದ ಅಳ್ಳು, ತಂಬಿಟ್ಟು ಕೊಟ್ಟಳು. ಬಸಲಿಂಗ ಮಾವ ಜೀಕಿ ಜೀಕಿ ಅಕ್ಕನನ್ನು ಕಿರುಚಿಸಿದ.

ಬೆಂಗಳೂರಿಗೆ ಬಂದ ಮೇಲೆ ಇಷ್ಟು ನಕ್ಕದ್ದು ಇವತ್ತೇ.


ಸೆಪ್ಟೆಂಬರ್ 19

ಶೈಲು ಓದಿದಳು!

ನಾನು ಕಲಿಸಿಲ್ಲ. ಕೂತು ಕಲಿಸುವ ತಾಳ್ಮೆ ನನಗಿಲ್ಲ. ದಾರಿಯಲ್ಲಿ ಅವಳು ಬೋರ್ಡು ತೋರಿಸಿ ಕೇಳುತ್ತಾಳೆ, ನಾನು ಹೇಳುತ್ತೇನೆ, ಅಷ್ಟೇ. ಇವತ್ತು ಟ್ರಾನ್ಸ್‌ಫಾರ್ಮರಿನ ಹತ್ತಿರ ಸೈಕಲ್ಲು ನಿಧಾನ ಮಾಡಿದಾಗ ತಾನೇ ಒಂದೊಂದು ಅಕ್ಷರ ಮುಟ್ಟುವ ಹಾಗೆ ಬೆರಳಾಡಿಸಿ, “ಅ... ಪಾ... ಯ,” ಎಂದಳು.

ಮೊದಲು ಓದಿದ ಮಾತೇ ಅಪಾಯ. ಮನೆಗೆ ಬಂದು ಹೇಳಿದರೆ ಅಕ್ಕ ನಂಬಲಿಲ್ಲ, ಬುರುಡೆಯ ಚಿತ್ರ ನೋಡಿ ಹೇಳಿರಬೇಕು ಎಂದಳು. ಇರಬಹುದೆಂದು ನನಗೂ ಅನಿಸಿತು. ಹಾಗಾಗಿ ಸಂಜೆ ಮತ್ತೆ ಕರೆದುಕೊಂಡು ಹೋಗಿ, ಬುರುಡೆ ಇಲ್ಲದ ಬೋರ್ಡುಗಳನ್ನು ತೋರಿಸಿದೆ. “ಒಳಗೆ” ಎಂದು ಓದಿದಳು. “ಪ್ರವೇಶವಿಲ್ಲ” ಎಂಬುದು ಬರಲಿಲ್ಲ, ಒತ್ತಕ್ಷರ. ಖರೆ ಓದಿದ್ದೇ.

ನಾಳೆ ಗಂಗಮ್ಮನ ಗುಡಿ ಕಡೆಯಿಂದ ಹೋಗಬೇಕು. ಆ ದಾರಿಯಲ್ಲಿ ದೊಡ್ಡ ಅಕ್ಷರದ ಬೋರ್ಡುಗಳು ಹೆಚ್ಚು. ಸ್ವಲ್ಪ ಸುತ್ತಾಗುತ್ತದೆ.


ಅಕ್ಟೋಬರ್ 18

ಲೇತ್ ಶಾಪಿನ ಮುತ್ತಣ್ಣ ಫೋನು ಮಾಡಿದ್ದ. ಹೊಸೂರಿನಲ್ಲಿ ಒಂದು ಕಂಪನಿ ಜನ ತೆಗೆದುಕೊಳ್ಳುತ್ತಿದೆಯಂತೆ. ಇರಲು ರೂಮು, ಊಟ ಎಲ್ಲ ಅವರದೇ. “ಬಾರೋ ಮಗಾ, ಎಷ್ಟ ದಿನ ಕೂಸು ಆಡಿಸ್ತಿ? ಇದು ಗಂಡಸರ ಕೆಲಸೇನು?” ಎಂದ.

ಹೋಗಬೇಕು. ನನಗೂ ಇಲ್ಲಿ ಇದ್ದು ಇದ್ದು ಬೇಜಾರು ಬಂದಿದೆ. ಸೋಮವಾರ ನೀಲಿ ಗೇಟಿನಲ್ಲಿ ಕೇಳಿಕೊಂಡು, ಸೀಟಿದ್ದರೆ ಇವಳನ್ನು ಸೇರಿಸಿ ಹೊರಡುತ್ತೇನೆ ಎಂದಿದ್ದೇನೆ.


ಅಕ್ಟೋಬರ್ 21, ಸೋಮವಾರ

ಸೀಟು ಖಾಲಿಯಾಗಿದೆ. ಐದನೇ ಇಯತ್ತೆಯಲ್ಲಿ.

ಶೈಲು ಗೋಪಾಲಪ್ಪ ಸಾರಿಗೆ, “ನಾ ಐದನೇತ್ತಕ್ಕ ಕುಂಡ್ರಲೇನ್ರೀ?” ಎಂದಳು. ಅವರು ಹಣೆಯ ಕನ್ನಡಕ ಕಣ್ಣಿಗಿಳಿಸಿ ಅವಳನ್ನು ನೋಡಿ ಒಂದು ಪೆಪ್ಪರ್‌ಮೆಂಟು ಕೊಟ್ಟರು.


ನವೆಂಬರ್ 25, ಸೋಮವಾರ

ಶರಣಮ್ಮನವರ ಕಟ್ಟಡ ಮುಗಿಯಿತು. ಮೇಸ್ತ್ರಿ ಎಲ್ಲರನ್ನೂ ಮಾದನಾಯಕನಹಳ್ಳಿಯ ಕಡೆ ಕರೆದೊಯ್ಯುತ್ತಾನಂತೆ. ಅಳಿಯನ ಫೋನ್ ನಂಬರನ್ನು ಗೋಪಾಲಪ್ಪ ಸಾರಿಗೆ ಕೊಟ್ಟು ಹೋದಳು. “ಸೀಟ್ ಬಂದ್ರ ಒಂದ್ ಮಿಸ್ಡ್ ಕಾಲ್ ಕೊಡ್ರೀ ಸಾಹೇಬ್ರ, ಎಲ್ಲಿದ್ರೂ ಓಡಿ ಬರ್ತೀವಿ,” ಎಂದು ಕೈಮುಗಿದಳು.

ಹುಡುಗಿಯರು ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಭಾಗಮ್ಮ ತನ್ನ ಒಂದು ಬಳೆ ಕೊಟ್ಟಳು, ಶೈಲು ತಾನು ಆರಿಸಿಟ್ಟಿದ್ದ ಬೇರಿಂಗ್ ಗುಂಡು ಕೊಟ್ಟಳು. ನ್ಯಾಯವಾದ ವ್ಯಾಪಾರ.


ಜನವರಿ 12, 2014

ಹೊಸ ಡೈರಿ ಈ ಸಲ ಕಾರ್ಖಾನೆಯವರು ಕೊಡಲಿಲ್ಲ. ಇದರಲ್ಲೇ ಜೂನಿಗೆ ಮೊದಲು ಖಾಲಿ ಉಳಿದ ಪುಟಗಳಲ್ಲಿ ಬರೆಯುತ್ತಿದ್ದೇನೆ. ವಾರ ಹೊಂದುವುದಿಲ್ಲ, ತಿದ್ದಿಕೊಂಡಿದ್ದೇನೆ.

ಅವರೆಕಾಯಿಯ ಕಾಲ. ಮುನಿಯಕ್ಕ ಒಂದು ಮೂಟೆ ತರಿಸಿ ಸಾಲಿನವರನ್ನೆಲ್ಲ ಕೂರಿಸಿದ್ದಾಳೆ. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿಸುಕಿ ಸಿಪ್ಪೆ ತೆಗೆಯಬೇಕು. ನಮ್ಮ ಕಡೆ ಇಂಥ ಉಪದ್ವ್ಯಾಪ ಇಲ್ಲ. ಹಿಸುಕಿದ ಕಾಳು ಚಿಮ್ಮಿ ಮುನಿಯಕ್ಕನ ಗಂಡ ರಾಮಾಂಜಿನಪ್ಪನವರ ಬೋಳುತಲೆಗೆ ಬಡಿದರೆ ಶೈಲುವಿಗೆ ಒಂದು ಪಾಯಿಂಟು. ಅವರು ಪೇಪರು ಓದುತ್ತ ಗೊತ್ತಾಗದವರ ಹಾಗೆ ಇದ್ದರು.

ಶೈಲು ಕೇಳಿದಳು, “ಮಾಮಾ, ನೀ ಸಾಲಿ ಯಾಕ ಬಿಟ್ಟಿ?”

“ಒಂದ ಕಡೆ ಕುಂಡ್ರಾಕ ಆಗ್ತಿರಲಿಲ್ಲ.”

“ಮುಂಜಾನಿಂದ ಇಲ್ಲೇ ಕುಂತೀಯಲ್ಲ?”

“ಇದು ಬ್ಯಾರೆ,” ಎಂದೆ. ಹೇಗೆ ಬೇರೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಹಿತಕಿದ ಬೇಳೆ ಸಾರು ಮಾತ್ರ ಸಕ್ಕತ್ತಾಗಿತ್ತು.


ಫೆಬ್ರವರಿ 7

ಬಸಲಿಂಗ ಮಾವ ಇವತ್ತು ಕಾರ್ಖಾನೆಯ ಗೇಟಿನಲ್ಲಿ ಬುತ್ತಿ ತೆಗೆದುಕೊಳ್ಳುತ್ತ, “ಆ ಮೂಲೀ ಶಾಪಿನವರು ಕೇಳ್ತಿದ್ರು. ಊಟ ಗಡಿಯಾರ ಇಟ್ಟಂಗ ಬರ್ತೈತಿ, ಯಾರಪ್ಪ ಹುಡುಗ ಅಂತ,” ಎಂದ. ನಾನು ಹೇಳಿದೆ, ತಡವಾದರೆ ಶೈಲುವಿಗೆ ಹಸಿವಾಗುತ್ತದೆ, ಕೊಟ್ಟು ಮುಗಿಸಿದ ಮೇಲೇ ನಾವಿಬ್ಬರೂ ಉಣ್ಣುವುದು. ಅದಕ್ಕೆ ಬೇಗ ಮುಗಿಸುತ್ತೇನೆ.

ಮಾವ ತನ್ನ ಬುತ್ತಿಯ ಶೇಂಗಾ ಹೋಳಿಗೆ ತೆಗೆದು ಅವಳ ಕೈಗಿಟ್ಟ.


ಮಾರ್ಚ್ 9, ಭಾನುವಾರ

ಮೆಟ್ರೊ ಓಡಲು ಶುರುವಾಗಿ ಒಂದು ವಾರ. ಎಲ್ಲರೂ ಹೋದೆವು. ಪೀಣ್ಯದಿಂದ ಹತ್ತಿ ಕೊನೆಯವರೆಗೆ ಹೋಗಿ, ಅಲ್ಲಿ ಇಳಿದು ಮಾಡುವುದೇನೂ ಇಲ್ಲದೆ ಮತ್ತೆ ಅದರಲ್ಲೇ ಬಂದೆವು. ನಾವು ದಿನಾ ಸೈಕಲ್ಲಿನಿಂದ ತಲೆಯೆತ್ತಿ ನೋಡುತ್ತಿದ್ದ ಕಂಬಗಳ ಮೇಲೆ ಈಗ ನಾವೇ. ಶೈಲು ಗಾಜಿಗೆ ಮೂಗು ಒತ್ತಿಕೊಂಡು, ಕೆಳಗಿನ ಕಾರ್ಖಾನೆಗಳ ಶೀಟುಗಳನ್ನು ನೋಡಿ ಅಮ್ಮನಿಗೆ ಹೇಳುತ್ತ ಹೋದಳು. “ಅದು ಢಣ್ ಢಣ್ ಅನ್ನೂದು. ಅದು ಬಣ್ಣದ ವಾಸನಿ. ಅಲ್ಲಿ ಇಡ್ಲಿ ಪಾತ್ರೆ ಮಾಡ್ತಾರ. ಅಲ್ಲಿಯ ಸೆಕ್ಯೂರಿಟಿ ಅಣ್ಣಗ ಮೊನ್ನಿ ಮಗಳು ಹುಟ್ಯಾಳ.”

ಅಕ್ಕ ಆರು ವರ್ಷದಿಂದ ಇಲ್ಲಿದ್ದಾಳೆ. ಗಾರ್ಮೆಂಟ್ಸ್ ಬಿಟ್ಟರೆ ಬೇರೆ ಏನೂ ನೋಡಿರಲಿಲ್ಲ. ಬಾಯಿ ತೆರೆದು ಕೇಳುತ್ತಿದ್ದಳು.


ಏಪ್ರಿಲ್ 21, ಸೋಮವಾರ

ಮುಂದಿನ ವರ್ಷದ ಒಂದನೇ ಇಯತ್ತೆಯೂ ಅವರ ಶಿಶುವಿಹಾರದ ಮಕ್ಕಳಿಂದಲೇ ತುಂಬಿತಂತೆ. ಪಾಳಿ ಹಾಗೇ ಇದೆ. ಮೊದಲು ಭಾಗಮ್ಮ, ಆಮೇಲೆ ಶೈಲು. ಜೂನಿನಲ್ಲಿ ಅವಳಿಗೆ ಆರು ವರ್ಷ ಹತ್ತು ತಿಂಗಳು. ಇನ್ನೂ ತಡವಾದರೆ ಒಂದನೆಯದಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಗೋಪಾಲಪ್ಪ ಸಾರ್ ಅಂದರು. ಅಕ್ಕ ರಾತ್ರಿ ಊಟ ಮಾಡಲಿಲ್ಲ.


ಮೇ 26, ಸೋಮವಾರ

ಗೋಪಾಲಪ್ಪ ಸಾರ್ ದೂರದಿಂದಲೇ ಕೂಗಿದರು. “ಬಾರಯ್ಯ ಈರಣ್ಣ, ಸ್ವೀಟ್ ಎಲ್ಲಿ? ಒಂದನೇ ಕ್ಲಾಸಲ್ಲಿ ಒಂದು ಖಾಲಿ ಆಯ್ತು. ನಿಮ್ದೇ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಸೇರಿಸ್ಬಿಡಿ.”

ಶೈಲು ನನ್ನ ಬೆರಳು ಬಿಟ್ಟು ಗೇಟಿನವರೆಗೆ ಓಡಿ ವಾಪಸು ಬಂದಳು. ಮತ್ತೆ ಓಡಿದಳು.

“ಭಾಗಮ್ಮಂದು ಮುಂದಿತ್ತಲ್ರೀ ಸಾರ್?”

“ಆ ನಂಬರ್ ಸತ್ತೋಗಿದೆ ಕಣಯ್ಯ. ಶುಕ್ರವಾರದಿಂದ ಮಾಡ್ತಿದೀನಿ. ಸೈಟ್‌ನೋರು, ಆಫರ್ ಬಂದ್ರೆ ಸಿಮ್ ಎಸೆದು ಹೊಸದು ಹಾಕ್ಕೋತಾರೆ. ನಾನೇನು ಬಿಲ್ಡಿಂಗ್ ಬಿಲ್ಡಿಂಗ್ ಸುತ್ಲಾ?”

“ನಾ ಸುತ್ತತೀನ್ರಿ,” ಎಂದೆ.

ಅವರು ಕನ್ನಡಕ ಇಳಿಸಿದರು. “ತಲೆ ನೆಟ್ಟಗಿದ್ಯಾ? ಒಂದು ವರ್ಷದಿಂದ ಗೇಟ್ ಸವೆಸಿದ್ದೀಯ. ಕೊಡ್ತೀನಿ ಅಂದ್ರೆ ಬೇರೆಯವರನ್ನ ಹುಡುಕ್ತೀನಿ ಅಂತೀಯಲ್ಲೋ.”

“ಪಾಳಿ ನಮ್ಮದಲ್ಲಲ್ರೀ.”

“ನಾಳೆ ಹನ್ನೆರಡು. ಅಷ್ಟರೊಳಗೆ ಯಾರು ಬಂದ್ರೂ ಒಬ್ರು ಬರ್ಬೇಕು. ಇಲ್ಲಾಂದ್ರೆ ಮೂರನೆಯವ್ರಿಗೆ.”

ಮನೆಗೆ ಬಂದು ಎಲ್ಲ ಹೇಳಿದೆ. ಸೀಟು ಬಂತೆಂದು ಮೊದಲು ಹೇಳಿದ್ದರಿಂದ ಅಕ್ಕ ಆಗಲೇ ದೇವರ ಮುಂದೆ ದೀಪ ಹಚ್ಚಲು ಹೋಗಿದ್ದಳು. ಉಳಿದದ್ದು ಕೇಳಿ ಬೆಂಕಿಕಡ್ಡಿ ಕೈಯಲ್ಲೇ ನಿಂತಿತು.

“ಅವರ ಸಿಮ್ ಅವರು ಒಗದಾರ,” ಎಂದ ಬಸಲಿಂಗ ಮಾವ. “ನೀ ಒಗಸೀಯೇನು? ನಾಳೆ ಹೋಗಿ ಹಾಕಿ ಬರೂನು. ಮುಗೀತು.”

“ಶರಣಮ್ಮ ನಮ್ಮನ್ಯಾಗ ಅಳ್ಳು ತಿಂದ ಹೋಗ್ಯಾಳ, ಮಾವಾ.”

“ಅದಕ್ಕ? ನನ್ನ ಮಗಳ ಸೀಟೂ ತಿನ್ನಬೇಕೇನು?”

ಕಡೆಗೆ ಅಕ್ಕ ನನ್ನ ಮುಖ ನೋಡದೆ ಹೇಳಿದಳು, “ನಾ ಮುಂಜಾನೆ ರಜಾ ಹಾಕಿ ಹನ್ನೊಂದೂವರಿಗೆ ಗೇಟಿಗೆ ಬಂದ ನಿಂದರ್ತೀನಿ. ಅಲ್ಲೀತನ ಹುಡುಕು. ಸಿಗಲಿಲ್ಲ ಅಂದ್ರ ನಮ್ಮ ಕೂಸು ಒಳಗ ಹೋಗ್ತಾಳ. ಆಮ್ಯಾಲೆ ನಿನ್ನ ನ್ಯಾಯ ಬ್ಯಾಡ ನನಗ.”


ಮೇ 27

ಇದನ್ನು ಇದ್ದಂತೆ ಬರೆಯಬೇಕು.

ಬೆಳಿಗ್ಗೆ ಶೈಲುವನ್ನು ಕೂರಿಸಿಕೊಂಡು ಹೊರಟೆ. ಅವಳು ಬಿಟ್ಟಿರಲಿಲ್ಲ, ಭಾಗಮ್ಮನನ್ನು ಕರೆಯಲು ತಾನೂ ಬರಬೇಕಂತೆ. ಮಾದನಾಯಕನಹಳ್ಳಿಯ ಕಟ್ಟಡಕ್ಕೆ ಹೋದರೆ ಆ ಮೇಸ್ತ್ರಿಯ ಜನ ಹೋಗಿ ಎರಡು ತಿಂಗಳಾಯಿತು ಎಂದರು. ಇನ್ನೊಂದು ಕಡೆ ತೋರಿಸಿದರು. ಅಲ್ಲಿ ಬರೀ ಬಿಹಾರದವರು. ಮಾತು ತಿಳಿಯಲಿಲ್ಲ. ಅಲ್ಲಿಂದ ಹೊರಡುವಾಗ, ಸಿಗದಿದ್ದರೇ ಒಳ್ಳೆಯದು ಎಂದು ನನಗೆ ಅನಿಸಿತು. ಅನಿಸಿದ್ದು ನಿಜ. ಸೈಕಲ್ಲು ನಿಧಾನ ಮಾಡಿದೆ, ಅದೂ ನಿಜ.

ಆದರೆ ಶೈಲು ದಾರಿಯಲ್ಲಿ ಸಿಕ್ಕವರನ್ನೆಲ್ಲ ತಾನೇ ಕೇಳಲು ಶುರು ಮಾಡಿದ್ದಳು. “ಅಣ್ಣಾ, ಭಾಗಮ್ಮನ ನೋಡೀರೇನು? ನನ್ನಷ್ಟ ಅದಾಳ.” ಎಳನೀರು ಮಾರುವವನೊಬ್ಬ, ಯಾದಗಿರಿಯವರ ಶೆಡ್ಡುಗಳು ಕೆರೆಯ ಏರಿಯ ಆಚೆ ಇವೆ ಎಂದ. ಹೋದೆವು. ಮರಳಿನ ಗುಡ್ಡೆಯ ಮೇಲೆ ಭಾಗಮ್ಮ ಕುಳಿತಿದ್ದಳು.

ಶರಣಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ತಲೆಯ ಮೇಲಿದ್ದ ಸಿಮೆಂಟ್ ಬುಟ್ಟಿಯನ್ನು ಅಲ್ಲೇ ಹಾಕಿ, “ಯಪ್ಪಾ, ನಿಮ್ ಕೂಸಿಂದು?” ಎಂದು ಕೇಳಿದಳು.

“ಅವಳದು ಆಮ್ಯಾಲೆ,” ಎಂದೆ.

ಅವರನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿ ನಾನು ಸೈಕಲ್ಲು ತುಳಿದೆ. ನೀಲಿ ಗೇಟಿನಲ್ಲಿ ಅಕ್ಕ ನಿಂತಿದ್ದಳು, ಹಬ್ಬದ ಸೀರೆಯಲ್ಲಿ. ಆಟೋದಿಂದ ಶರಣಮ್ಮ ಇಳಿದದ್ದನ್ನು ನೋಡಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಭಾಗಮ್ಮ ಒಳಗೆ ಹೋದಳು. ಗೇಟು ಮುಚ್ಚಿತು. ಶೈಲು ಸರಳಿನ ನಡುವಿನಿಂದ ಕೈಬೀಸಿ, ಆಮೇಲೆ ನನ್ನ ಕಡೆ ತಿರುಗಿ, “ಈಗ ನಂದು,” ಎಂದಳು.

ಈಗಲ್ಲ ಎಂದೆ. ಯಾವಾಗ ಎಂದಳು. ಗೊತ್ತಿಲ್ಲ ಎಂದೆ. ಅವಳು ರಸ್ತೆಯಲ್ಲೇ ಕುಳಿತು ಅತ್ತಳು. ಒಂದು ವರ್ಷದಲ್ಲಿ ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಅಕ್ಕ ಅವಳನ್ನು ಎತ್ತಿಕೊಂಡು ನಡೆದುಬಿಟ್ಟಳು.


ಮೇ 28

ಮನೆಯಲ್ಲಿ ಯಾರೂ ನನ್ನೊಂದಿಗೆ ಮಾತಾಡುತ್ತಿಲ್ಲ. ಶೈಲುವೂ.

ಇನ್ನೊಂದು ಬರೆಯುವುದಿದೆ. ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಪಾಳಿ ತಪ್ಪಬಾರದೆಂದು ಹೋದೆನೋ, ಇವಳು ಸಂಜೆ ಆರರವರೆಗೆ ಆ ಗೇಟಿನೊಳಗೆ ಇದ್ದರೆ ನಾನು ಏನು ಮಾಡಲಿ ಎಂದು ಹೋದೆನೋ? ಪಾಳಿಯ ಸಲುವಾಗಿಯೇ ಎಂದು ಪೂರ್ತಿಯಾಗಿ ಹೇಳಲಾರೆ. ಪಾಳಿ ಮಾತ್ರ ಭಾಗಮ್ಮನದೇ ಆಗಿತ್ತು.

ಮುತ್ತಣ್ಣನ ನಂಬರು ಇನ್ನೂ ಫೋನಿನಲ್ಲಿದೆ. ಬೆಳಿಗ್ಗೆ ನೋಡಿದೆ. ಬುತ್ತಿಯ ಹೊತ್ತಾಯಿತು, ಹೋದೆ. ಶೈಲು ಮುನಿಯಕ್ಕನ ಹತ್ತಿರವೇ ಉಳಿದಳು, ಮುಂದಿನ ದಂಡಿಯಲ್ಲಿ ಯಾರೂ ಇರಲಿಲ್ಲ. ಪ್ರತಿ ಗೇಟಿನಲ್ಲೂ ಕೇಳಿದರು.


ಮೇ 31

ಸಂಜೆ ಮುನಿಯಕ್ಕ ಹಾಲಿನ ಚೆಂಬು ಹಿಡಿದು ಬಂದು ಹೊಸ್ತಿಲ ಮೇಲೇ ಕುಳಿತಳು. ಮನೆಗಳ ಸಾಲಿಗೆಲ್ಲ ವಿಷಯ ಗೊತ್ತಿದೆ.

“ಏನ್ ಸವಿತಾ, ಸಾವಾಗೈತಾ ಮನ್ಯಾಗೆ? ನಮ್ಮೂರ ಗೋರ್ಮೆಂಟ್ ಸ್ಕೂಲ್ಗೆ ಆಕು. ನನ್ ಮೂರು ಮಕ್ಳೂ ಅಲ್ಲೇ ಓದಿದ್ದು. ಒಬ್ಬ ಕೆಟ್ಟ, ಇಬ್ರು ಚೆನ್ನಾಗವ್ರೆ.”

“ಅಲ್ಲಿ ನಾಕಕ್ಕ ಬಿಡ್ತಾರಲ್ಲಕ್ಕ.”

“ಬಿಡ್ಲಿ. ನಾಕ್ ಗಂಟೆಗೆ ಈವಯ್ಯ ಏನ್ ಮಾಡ್ತಾನೆ, ರಾಗಿ ಬೀಸ್ತಾನಾ?” ಎಂದು ನನ್ನ ಕಡೆ ಗದ್ದ ಎತ್ತಿದಳು.

ಬಸಲಿಂಗ ಮಾವ ಒಳಗೆ ಷೂ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿ ನನ್ನ ಕಡೆ ನೋಡಿದ. ಶೈಲು ಬಂದು ನನ್ನ ಬೆನ್ನಿಗೆ ಒರಗಿದಳು. “ಆ ಸಾಲಿ ಬೋರ್ಡ್ ನಾ ಓದೀನಿ,” ಎಂದಳು. “ಸರಕಾರಿ ಅಂತೈತಿ. ಆಮ್ಯಾಲಿಂದು ಬರಲಿಲ್ಲ.”


ಜೂನ್ 2, ಸೋಮವಾರ

ಹೋದೆವು. ನೀಲಿ ಗೇಟಿಗಲ್ಲ.

ಹೆಂಚಿನ ಶಾಲೆ. ಅಂಗಳದಲ್ಲಿ ಬೇವಿನಮರ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ. ಶೈಲು ನಕ್ಷೆಯಲ್ಲಿ ನಮ್ಮ ಬಾಗಲಕೋಟೆ ಓದಿದಳು. ಹೆಡ್ ಮೇಡಂ ಕೇಳಿಸಿಕೊಂಡು, “ಯಾವ ಸ್ಕೂಲಲ್ಲಿತ್ತು ಮಗು?” ಎಂದರು.

“ಎಲ್ಲೂ ಇಲ್ರೀ. ಇವರ ಮಾಮಾನ ಜೋಡಿ ಸೈಕಲ್ ಮ್ಯಾಲಿತ್ತು,” ಎಂದಳು ಅಕ್ಕ. ಅದನ್ನು ಹೇಳುವಾಗ ನಕ್ಕಳು. ಒಂದು ವಾರದ ಮೇಲೆ ನಕ್ಕದ್ದು.

ಹೆಸರು ಬರೆದುಕೊಂಡ ಮೇಲೆ ಮೇಡಂ ಕೇಳಿದರು, “ನಾಲ್ಕು ಗಂಟೆಗೆ ಕರ್ಕೊಂಡು ಹೋಗೋರು ಯಾರು? ಮೇನ್ ರೋಡು, ಯಾರ್ಯಾರ್ ಕೈಲೋ ಕಳಿಸಲ್ಲ ನಾನು.”

“ಅವರ ಸ್ವಾದರಮಾವ ಬರ್ತಾನ್ರೀ,” ಎಂದ ಬಸಲಿಂಗ ಮಾವ.

“ದಿನಾ ಬರ್ತಾರಾ? ನಾಲ್ಕು ದಿನ ಬಂದು ಆಮೇಲೆ ಪತ್ತೆ ಇಲ್ಲದೆ ಹೋಗೋದು ಬೇಡ.”

“ದಿನಾ ಬರ್ತಾನ್ರೀ, ಮೇಡಂ.” ಮಾವ ಇದನ್ನು ಯೋಚಿಸದೆ ಹೇಳಿದ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ನನ್ನ ಬಗ್ಗೆ ಯಾರಾದರೂ ಇಲ್ಲದ್ದು ಹೇಳಿದರೆ ಅಲ್ಲೇ ತಿದ್ದುವುದು ನನ್ನ ಚಾಳಿ. ಬಾಯಿ ತೆರೆದೆ. ತಿದ್ದುವುದಕ್ಕೆ ಏನೂ ಸಿಗಲಿಲ್ಲ.